ಚೀಟಿ: ಹೂವಿನ ಬಟ್ಟೆಯ ಹೆಸರು

ಸೇಡಂ, ಚಿಂಚೋಳಿ ಕಡೆಯ ಹಳೇ ಕೌದಿ ಹರವಿ ನೋಡಿ. ಧೋತರದ ಬಿಳಿ, ಇಳಕಲ್ ಸೆರಗಿನ ಕೆಂಪು, ನಡುನಡುವೆ ಪುಟ್ಟ ಹೂಗಳನ್ನು ಅಚ್ಚೊತ್ತಿದ ತುಂಡುಗಳು. ಈ ಹೂವಿನ ಬಟ್ಟೆಗೆ ಕನ್ನಡದಲ್ಲಿ ಚೀಟಿ ಎಂದು ಹೆಸರು: ಚೀಟಿ ಸೀರೆ, ಚೀಟಿ ಲಂಗ, ಚೀಟಿ ಕುಬಸ. ಕಾಗದದ ಚೀಟಿಗೂ ಇದಕ್ಕೂ ನಂಟಿಲ್ಲ. ಅದು ಚಿಟ್ಠಿಯಿಂದ ಬಂದದ್ದು. ಇದು ಹಿಂದಿ, ಉರ್ದುವಿನ ‘ಛೀಂಟ್’ ಬಳಗದ್ದು. ಛೀಂಟ್ ಎಂದರೆ ಸಿಡಿದ ಹನಿ, ಚಿಮುಕಿಸಿದ ಬಣ್ಣ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕನ್ನಡವೂ ಉರ್ದುವೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದವು.

ಒಂದು ಕಾಲಕ್ಕೆ ಇದು ಅಗ್ಗದ ಮಾಲಾಗಿರಲಿಲ್ಲ. ಗೋಲ್ಕೊಂಡ ರಾಜ್ಯದ ಬಂದರು ಮಚಲಿಪಟ್ಟಣದ ಸುತ್ತಿನ ಕುಶಲಕರ್ಮಿಗಳು ಪಟಿಕದ ನೀರಿನಲ್ಲಿ ಹೂವು ಬರೆದು, ಬಟ್ಟೆಯನ್ನು ಬೇರಿನ ಬಣ್ಣದಲ್ಲಿ ಕುದಿಸುತ್ತಿದ್ದರು. ಪಟಿಕ ತಾಗಿದಲ್ಲಿ ಕೆಂಪು ಕಚ್ಚಿ ನಿಲ್ಲುತ್ತಿತ್ತು, ಉಳಿದ ಕಡೆ ಒಗೆತಕ್ಕೆ ಬಿಟ್ಟುಹೋಗುತ್ತಿತ್ತು. ಒಗೆದರೂ ಮಾಸದ ಈ ಹೂವಿಗೆ ಯುರೋಪು ಮರುಳಾಯಿತು. ಪೋರ್ಚುಗೀಸರ ಬಾಯಲ್ಲಿ ಅದು ಚೀತಾ, ಡಚ್ಚರಿಗೆ ಸಿಟ್ಸ್, ಇಂಗ್ಲಿಷರಿಗೆ ಚಿಂಟ್ಸ್. ತಮ್ಮ ನೇಕಾರರ ಹೊಟ್ಟೆಗೆ ಕಲ್ಲು ಬೀಳುತ್ತದೆಂದು ಫ್ರಾನ್ಸ್ 1686ರಲ್ಲಿ ಇಂಥ ಬಟ್ಟೆಯನ್ನು ನಿಷೇಧಿಸಿತು. ಇಂಗ್ಲೆಂಡ್ 1721ರ ಕಾಯ್ದೆಯಿಂದ ಅಚ್ಚಿನ ಹತ್ತಿಬಟ್ಟೆ ಉಡುವುದನ್ನೇ ತಡೆಯಿತು.

1783ರಲ್ಲಿ ಥಾಮಸ್ ಬೆಲ್‌ನ ರೋಲರ್ ಮುದ್ರಣಕ್ಕೆ ಪೇಟೆಂಟ್ ಸಿಕ್ಕಿತು. ಹೂವು ಗಜಗಟ್ಟಲೆ ಉರುಳಿ ಬಂತು, ಬೆಲೆ ಇಳಿಯಿತು. ಬೆಲೆಯ ಜತೆ ಪದದ ಮಾನವೂ ಇಳಿದದ್ದು ನನಗೆ ನೋವಿನ ಸಂಗತಿ. ಇಂಗ್ಲಿಷಿನಲ್ಲಿ ‘ಚಿಂಟ್ಸಿ’ ಎಂದರೆ ಕಳಪೆ, ಅಗ್ಗದ್ದು. ನಮ್ಮಲ್ಲೂ ಚೀಟಿ ಸೀರೆ ಮದುವೆಗಲ್ಲ, ಹೊಲಕ್ಕೆ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ರೈಲು ಓಡಿದ ಮೇಲಂತೂ ಗಿರಣಿ ಬಟ್ಟೆಗೆ ಹಾದಿ ಸಲೀಸಾಯಿತು.

ಅಮೆರಿಕದಲ್ಲಿ ಮಾತ್ರ ಚಿಂಟ್ಸ್‌ಗೆ ಮತ್ತೆ ಸಿರಿ ಬಂತು. ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಿಯರ್ ಹೋಟೆಲು 1948ರಲ್ಲಿ ಮರಳಿ ತೆರೆದಾಗ ಒಳಾಂಗಣ ವಿನ್ಯಾಸಕಿ ಡೊರೊಥಿ ಡ್ರೇಪರ್ ಅದನ್ನು ದೊಡ್ಡ ದೊಡ್ಡ ರೋಡೋಡೆಂಡ್ರನ್ ಹೂಗಳ ಚಿಂಟ್ಸ್‌ನಿಂದ ತುಂಬಿದಳು. ಅದೇ ಕಾಲದಲ್ಲಿ ಅಲ್ಲಿನ ರೈತ ಹೆಂಗಸರು ಹೂವಿನ ಅಚ್ಚಿದ್ದ ಹಿಟ್ಟಿನ ಚೀಲ ಬಿಚ್ಚಿ ಮಕ್ಕಳಿಗೆ ಫ್ರಾಕು ಹೊಲಿಯುತ್ತಿದ್ದರು, ಮಿಕ್ಕ ತುಂಡು ಕೂಡಿಸಿ ಹೊದಿಕೆ ಮಾಡುತ್ತಿದ್ದರು. ನಮ್ಮ ಕೌದಿಯ ಅಕ್ಕತಂಗಿಯೇ ಅದು.

ಈಗ ಬಟ್ಟೆ ಅಂಗಡಿಯಲ್ಲಿ ಅದೇ ಹೂವನ್ನು ‘ಫ್ಲೋರಲ್ ಪ್ರಿಂಟ್’ ಎಂದು ತೋರಿಸುತ್ತಾರೆ, ಹುಡುಗಿಯರು ಆಸೆಪಟ್ಟು ಕೊಳ್ಳುತ್ತಾರೆ. ಶಹಾಬಾದಿನಲ್ಲೋ ಚಿತ್ತಾಪುರದಲ್ಲೋ ಒಬ್ಬ ಅಂಗಡಿಯವನು ‘ಹೊಸ ಚೀಟಿ ಬಂದದ’ ಎಂದು ಹಲಗೆ ಬರೆದು ತೂಗುಹಾಕಿದರೆ, ನಾನೇ ಹೋಗಿ ಮೂರು ಗಜ ಹರಿಸಿಕೊಂಡು ಬರುತ್ತೇನೆ.