ಗ್ರಾಮೀಣ ಸಮಗ್ರ ಆರೋಗ್ಯ ಸೇವೆಯಲ್ಲಿ ಸಿಬ್ಬಂದಿಯ ಸಮನ್ವಯ

ಹಿನ್ನೆಲೆ:
ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಪ್ರಾರಂಭವಾಯಿತು. ರಾಜ್ಯದಲ್ಲಿ ಇದು ಮೊದಲು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಕಾರ್ಯಾರಂಭ ಮಾಡಿತು. ಯೋಜನೆಯ ಆರು ಸೇವೆಗಳ ಪೈಕಿ ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಇವು ಅಂಗನವಾಡಿ ಕೇಂದ್ರದ ಹೊಣೆ. ಲಸಿಕೆ, ಆರೋಗ್ಯ ತಪಾಸಣೆ ಮತ್ತು ಉನ್ನತ ಆಸ್ಪತ್ರೆಗೆ ಕಳುಹಿಸುವ ಸೇವೆಗಳನ್ನು ಆರೋಗ್ಯ ಇಲಾಖೆಯ ಸಿಬ್ಬಂದಿಯ ಮೂಲಕ ಒದಗಿಸಲಾಗುತ್ತದೆ. 2005ರ ಏಪ್ರಿಲ್ 12ರಂದು ಆರಂಭಗೊಂಡ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಶಾ ಕಾರ್ಯಕರ್ತೆಯರು ಈ ವ್ಯವಸ್ಥೆಗೆ ಸೇರ್ಪಡೆಯಾದರು.

ಸಿಬ್ಬಂದಿಯ ಕರ್ತವ್ಯಗಳು:
1. ಆಶಾ ಕಾರ್ಯಕರ್ತೆ: ಮನೆ ಭೇಟಿ, ಗರ್ಭಿಣಿಯರನ್ನು ಗುರುತಿಸಿ ನೋಂದಣಿಗೆ ಕರೆತರುವುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ನಂತರ 3, 7, 14, 21, 28 ಮತ್ತು 42ನೇ ದಿನ ತಾಯಿ-ಮಗುವಿನ ಮನೆಗೆ ಭೇಟಿ ನೀಡುವುದು.
2. ಉಪಕೇಂದ್ರದ ಮಹಿಳಾ ಆರೋಗ್ಯ ಸಿಬ್ಬಂದಿ: ಗರ್ಭಿಣಿಯರ ನೋಂದಣಿ, ತಾಯಿ ಕಾರ್ಡ್ ವಿತರಣೆ, ತಪಾಸಣೆ ಹಾಗೂ ಲಸಿಕೆ.
3. ಅಂಗನವಾಡಿ ಕಾರ್ಯಕರ್ತೆ: ಪೌಷ್ಟಿಕ ಆಹಾರ ವಿತರಣೆ, ಮಕ್ಕಳ ತೂಕ ದಾಖಲಿಸುವುದು.
4. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ: ಚಿಕಿತ್ಸೆ, ಮೇಲ್ವಿಚಾರಣೆ ಮತ್ತು ಅಗತ್ಯವಿದ್ದಲ್ಲಿ ಉನ್ನತ ಆಸ್ಪತ್ರೆಗೆ ಕಳುಹಿಸುವುದು.

ಸಮನ್ವಯದ ಅವಶ್ಯಕತೆ:
ಗರ್ಭಿಣಿಯ ಹಿಮೋಗ್ಲೋಬಿನ್ ಪ್ರಮಾಣ 7 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಅದು ತೀವ್ರ ರಕ್ತಹೀನತೆಯಾಗಿದ್ದು, ಹೆರಿಗೆಯ ವೇಳೆ ಪ್ರಾಣಾಪಾಯ ಉಂಟಾಗಬಹುದು. ತಪಾಸಣೆಯಲ್ಲಿ ಕಂಡುಬಂದ ಈ ಅಂಶವು ವಹಿಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಅದು ವೈದ್ಯಾಧಿಕಾರಿಗೂ, ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಗೂ, ಆಹಾರ ನೀಡುವ ಅಂಗನವಾಡಿ ಕಾರ್ಯಕರ್ತೆಗೂ ತಿಳಿದಾಗ ಮಾತ್ರ ಚಿಕಿತ್ಸೆ ಸಕಾಲದಲ್ಲಿ ದೊರೆಯುತ್ತದೆ. ಅಂತೆಯೇ, ತೂಕ ಇಳಿಯುತ್ತಿರುವ ಮಗುವಿನ ಮಾಹಿತಿ ಅಂಗನವಾಡಿಯಿಂದ ಆರೋಗ್ಯ ಸಿಬ್ಬಂದಿಗೆ ತಲುಪಬೇಕು. ಈ ಉದ್ದೇಶದಿಂದ ಪ್ರತಿ ತಿಂಗಳು ಅಂಗನವಾಡಿ ಕೇಂದ್ರದಲ್ಲಿ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತಾ ದಿನವನ್ನು ಏರ್ಪಡಿಸಲಾಗುತ್ತದೆ. ಅಂದು ಈ ಮೂರೂ ಹಂತದ ಕಾರ್ಯಕರ್ತೆಯರು ಒಂದೇ ಸ್ಥಳದಲ್ಲಿ ಸೇವೆ ಒದಗಿಸಿ, ತಮ್ಮ ಪಟ್ಟಿಗಳನ್ನು ಪರಸ್ಪರ ತಾಳೆ ನೋಡುತ್ತಾರೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:
* ಗರ್ಭಧಾರಣೆ ತಿಳಿದ ಕೂಡಲೇ, ಮೊದಲ ಮೂರು ತಿಂಗಳೊಳಗೆ ನೋಂದಣಿ ಮಾಡಿಸತಕ್ಕದ್ದು.
* ಹೆರಿಗೆಗೆ ತವರಿಗೆ ತೆರಳುವವರು ತಾಯಿ ಕಾರ್ಡನ್ನು ತಪ್ಪದೇ ಜೊತೆಯಲ್ಲಿ ಒಯ್ದು, ಎರಡೂ ಗ್ರಾಮಗಳ ಆಶಾ ಕಾರ್ಯಕರ್ತೆಯರಿಗೆ ವಿಷಯ ತಿಳಿಸತಕ್ಕದ್ದು. ಇಲ್ಲವಾದಲ್ಲಿ ಎರಡೂ ಕಡೆಯ ಪಟ್ಟಿಗಳಿಂದ ಹೆಸರು ಕೈತಪ್ಪುವ ಸಂಭವವಿರುತ್ತದೆ.
* ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ ಉಚಿತ ಆಂಬ್ಯುಲೆನ್ಸ್ ಸೇವೆ ಪಡೆಯಬಹುದು.
* ಸೇವೆಯಲ್ಲಿ ಲೋಪ ಕಂಡುಬಂದಲ್ಲಿ, ಆರೋಗ್ಯ ಸೇವೆಗೆ ಸಂಬಂಧಿಸಿದಂತೆ ತಾಲ್ಲೂಕು ಆರೋಗ್ಯಾಧಿಕಾರಿಯವರನ್ನು, ಅಂಗನವಾಡಿ ಸೇವೆಗೆ ಸಂಬಂಧಿಸಿದಂತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರನ್ನು ಸಂಪರ್ಕಿಸಬಹುದು.