ರೋಬೋಟ್ ಬ್ಯಾಂಡ್ ಯಾರದ್ದು?

ಭಾಗ 1

ಮೊದಲನೇ ಫೋಟೋ ನೋಡಿ ಹೆದರ್ಕೋಬೇಡಿ. ಕರಡಿ ಕೈಯಲ್ಲಿ ಗಿಟಾರ್, ಗೊರಿಲ್ಲಾ ಮುಂದೆ ಕೀಬೋರ್ಡ್, ಪಕ್ಕದಲ್ಲಿ ಚಿಯರ್‌ಲೀಡರ್ ಬಟ್ಟೆ ಹಾಕ್ಕೊಂಡ ಇಲಿ. ಕಾರ್ಟೂನ್ ನೋಡೋ ಅಭ್ಯಾಸ ಇರೋರಿಗೆ "ಇದನ್ನ ಎಲ್ಲೋ ನೋಡಿದೀನಲ್ಲ" ಅನ್ಸುತ್ತೆ. ಇದನ್ನೇ ಅಲ್ಲ, ಇದರ ನಕಲನ್ನ ನೋಡಿರ್ತೀರಿ.

'ದಿ ಸಿಂಪ್ಸನ್ಸ್'ನಲ್ಲಿ 'ರೇಡಿಯೋ ಬಾರ್ಟ್' ಅಂತ ಒಂದು ಎಪಿಸೋಡ್ ಇದೆ, 1992ರ ಜನವರಿಯದ್ದು. ಬಾರ್ಟ್‌ನ ಹುಟ್ಟುಹಬ್ಬಕ್ಕೆ ಎಲ್ಲರೂ 'ವಾಲ್ ಇ. ವೀಸಲ್ಸ್' ಅನ್ನೋ ಪಿಜ್ಜಾ ಅಂಗಡಿಗೆ ಹೋಗ್ತಾರೆ. ಅಲ್ಲಿ ಹಾಡೋದು ರೋಬೋಟ್ ಪ್ರಾಣಿಗಳ ಬ್ಯಾಂಡ್. ಆ ಬರ್ತ್‌ಡೇ ಹಾಡಿನಲ್ಲಿ ಮಗುವಿನ ಹೆಸರೇ ಇಲ್ಲ, ಹುಡುಗನೋ ಹುಡುಗಿಯೋ ಅನ್ನೋದನ್ನೂ ನೀವೇ ಆರಿಸ್ಕೋಬೇಕು! ಒಂದೇ ಟೇಪ್, ಊರಿನ ಎಲ್ಲಾ ಮಕ್ಕಳಿಗೂ ಅದೇ. ಮಧ್ಯದಲ್ಲಿ ಒಂದು ರೋಬೋಟ್ ಕೆಟ್ಟೂ ಹೋಗುತ್ತೆ.

2014ರಲ್ಲಿ 'ಗ್ರಾವಿಟಿ ಫಾಲ್ಸ್'ನಲ್ಲಿ ಮತ್ತೆ ಅದೇ ಥರದ ಅಂಗಡಿ, ಈ ಸಲ ಗೂಬೆ ಹೆಸರಿನದು. ಸೂಸ್ ಡೇಟ್‌ಗೆ ಹೋಗಿರ್ತಾನೆ, ಕಂಪ್ಯೂಟರ್ ಗೇಮ್‌ನ ಹುಡುಗಿ ರೋಬೋಟ್‌ಗಳ ಒಳಗೆ ಸೇರ್ಕೊಂಡು ಅಟ್ಟಿಸ್ಕೊಂಡು ಬರ್ತಾಳೆ. ಕೊನೆಗೆ ಪಿಜ್ಜಾ ಓವನ್‌ಗೆ ಗೇಮ್ ಡಿಸ್ಕ್ ಎಸೆದು ಬಚಾವ್ ಆಗ್ತಾನೆ. 2023ರಲ್ಲಿ 'ಇಟ್ಸ್ ಆಲ್ವೇಸ್ ಸನ್ನಿ ಇನ್ ಫಿಲಡೆಲ್ಫಿಯಾ'ದ ಗ್ಯಾಂಗ್ 'ರಿಸ್ಕ್ ಇ. ರ‍್ಯಾಟ್' ಅನ್ನೋ ತಮ್ಮ ಬಾಲ್ಯದ ಪಿಜ್ಜಾ ಅಂಗಡಿಗೆ ಹೋಗಿ, ಎಲ್ಲಾ ಬದಲಾಗಿದೆ ಅಂತ ಗೊಣಗುತ್ತೆ.

ಮೂರು ಶೋ, ಮೂವತ್ತು ವರ್ಷ, ಮೂರೂ ಕಾಲ್ಪನಿಕ ಅಂಗಡಿಗಳು. ಅಮೆರಿಕದ ಕಾಮಿಡಿ ಬರೆಯೋರಿಗೆ ರೋಬೋಟ್ ಬ್ಯಾಂಡ್ ಅಂದ್ರೆ ಕೆಡೋದು, ಇಲ್ಲಾ ಹೆದರಿಸೋದು, ಇಲ್ಲಾ ಹಳೇ ನೆನಪು. ನಿಜವಾದ ಬ್ಯಾಂಡ್ ನಿಂತಿದ್ದು ಮಾತ್ರ ಮೋಟಾರ್ ಸುಟ್ಟು ಅಲ್ಲ. ಕಾಗದದ ಮೇಲೆ. ನಾನು ಬಿಕಾಂ ಓದ್ತಿರೋದಕ್ಕೆ ಇದನ್ನ ಬಿಡೋಕೆ ಆಗ್ಲಿಲ್ಲ, ಸಾರಿ.

ಭಾಗ 2

ಕಥೆ ಶುರುವಾಗೋದು ವಿಡಿಯೋ ಗೇಮ್‌ನಿಂದ. ನೋಲನ್ ಬುಶ್ನೆಲ್ ಅನ್ನೋರು 1972ರಲ್ಲಿ ಗೆಳೆಯನ ಜೊತೆ ಅಟಾರಿ ಕಂಪನಿ ಕಟ್ಟಿದ್ರು. 'ಪಾಂಗ್' ಗೇಮ್ ಇವರ ಕಂಪನಿಯದ್ದೇ. ಆ ಕಾಲದ ಗೇಮ್ ಮಷಿನ್‌ಗಳು ಹೆಚ್ಚಾಗಿ ಇರ್ತಿದ್ದದ್ದು ಬಾರ್‌ಗಳಲ್ಲಿ, ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗೋಕಾಗಲ್ಲ. ಪಿಜ್ಜಾ ಬೇಯೋಕೆ ಹೇಗೂ ಟೈಮ್ ಬೇಕು. ಆ ಟೈಮ್‌ನಲ್ಲಿ ಮಗು ಕಾಯಿನ್ ಹಾಕಿ ಆಡಲಿ, ಗೋಡೆ ಮೇಲೆ ರೋಬೋಟ್‌ಗಳು ಹಾಡಲಿ. ಕಾಯೋ ಸಮಯವನ್ನೇ ಮಾರೋ ಐಡಿಯಾ ಇದು. 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 'ಪಿಜ್ಜಾ ಟೈಮ್ ಥಿಯೇಟರ್' ತೆರೆಯಿತು.

ಮುಖ್ಯ ಪಾತ್ರ ಇಲಿ ಆಗಿದ್ದು ಒಂದು ಎಡವಟ್ಟು. ಬುಶ್ನೆಲ್ ಅವರೇ ಹೇಳೋ ಪ್ರಕಾರ ಅವರಿಗೆ ಬೇಕಿದ್ದದ್ದು ಕಯೋಟಿ, ಅಂದ್ರೆ ಅಲ್ಲಿನ ತೋಳದ ಜಾತಿ. ಆ ಥರ ಕಾಣ್ತು ಅಂತ ವೇಷ ಕೊಂಡ್ರು. ಆಮೇಲೆ ಬಾಲ ನೋಡಿದ್ರೆ ಉದ್ದಕ್ಕೆ ಇಲಿ ಬಾಲ. ಸರಿ, 'ರಿಕ್ ರ‍್ಯಾಟ್' ಅಂತ ಹೆಸರಿಡೋಣ ಅಂದ್ರು. ಊಟದ ಅಂಗಡಿಗೆ ಇಲಿ ಹೆಸರು ಯಾರಾದ್ರೂ ಇಡ್ತಾರಾ ಅಂತ ಜೊತೆಯವರು ತಡೆದ್ರು, ಅದು 'ಚಕ್ ಇ. ಚೀಸ್' ಆಯ್ತು. (ಈಗ 'ರಿಸ್ಕ್ ಇ. ರ‍್ಯಾಟ್' ಹೆಸರನ್ನ ಮತ್ತೊಮ್ಮೆ ಓದಿ.)

1979ರಲ್ಲಿ ರಾಬರ್ಟ್ ಬ್ರಾಕ್ ಅನ್ನೋ ಹೋಟೆಲ್ ಉದ್ಯಮಿ ಬಂದ್ರು. ಹಾಲಿಡೇ ಇನ್ ಹೋಟೆಲ್‌ಗಳ ದೊಡ್ಡ ಫ್ರಾಂಚೈಸಿ ಅವರದ್ದು. ಪಿಜ್ಜಾ ಟೈಮ್ ಅಂಗಡಿಗಳನ್ನ ಹಲವು ರಾಜ್ಯಗಳಲ್ಲಿ ತೆರೀತೀನಿ ಅಂತ ಒಪ್ಪಂದಕ್ಕೆ ಸಹಿ ಹಾಕಿದ್ರು. ಆಮೇಲೆ ಫ್ಲೋರಿಡಾದ ಒರ್ಲಾಂಡೋದಲ್ಲಿ ಆರನ್ ಫೆಕ್ಟರ್ ಅನ್ನೋ ಯುವಕ ಮಾಡಿದ ರೋಬೋಟ್‌ಗಳನ್ನ ನೋಡಿದ್ರು. ನೋಡಿದ್ಮೇಲೆ ತಾವು ಸಹಿ ಹಾಕಿದ ಇಲಿ ಬ್ಯಾಂಡ್ ಸಪ್ಪೆ ಅನ್ಸಿಬಿಡ್ತು. ಒಪ್ಪಂದ ಮುರಿದ್ರು. ಹೊಸ ಕಂಪನಿ 'ಶೋಬಿಜ್ ಪಿಜ್ಜಾ ಪ್ಲೇಸ್' ಮಾಡಿದ್ರು, 80 ಶೇಕಡಾ ಬ್ರಾಕ್‌ದು, 20 ಶೇಕಡಾ ಫೆಕ್ಟರ್ ಅವರ 'ಕ್ರಿಯೇಟಿವ್ ಇಂಜಿನಿಯರಿಂಗ್'ದು. 1980ರ ಮಾರ್ಚ್ 3ರಂದು ಮಿಸೌರಿಯ ಕನ್ಸಾಸ್ ಸಿಟಿಯಲ್ಲಿ ಮೊದಲ ಅಂಗಡಿ. ಬುಶ್ನೆಲ್ ಕಡೆಯವರು ಕೋರ್ಟಿಗೆ ಹೋದ್ರು, ಕೊನೆಗೆ ರಾಜಿ ಆಯ್ತು: ಶೋಬಿಜ್ ತನ್ನ ಲಾಭದಲ್ಲಿ ಒಂದು ಪಾಲನ್ನ ವರ್ಷಗಟ್ಟಲೆ ಎದುರಾಳಿಗೆ ಕೊಡಬೇಕು.

ಭಾಗ 3

ಈಗ ಫೆಕ್ಟರ್ ಅವರ ಬ್ಯಾಂಡ್‌ಗೆ ಬರೋಣ. ಹೆಸರು 'ರಾಕ್-ಅಫೈರ್ ಎಕ್ಸ್‌ಪ್ಲೋಷನ್'. ನಾನು ಇವರ ಹಳೇ ವಿಡಿಯೋ ನೋಡ್ತಾ ಎರಡು ರಾತ್ರಿ ಕಳೆದಿದೀನಿ, ಕಾಸ್ಟಿಂಗ್ ಟೆಸ್ಟ್ ಏನಾಯ್ತು ಅಂತ ಕೇಳ್ಬೇಡಿ.

ಕೀಬೋರ್ಡ್‌ನಲ್ಲಿ ಗೊರಿಲ್ಲಾ ಫ್ಯಾಟ್ಜ್ ಜೆರೋನಿಮೋ, ಗಿಟಾರ್‌ನಲ್ಲಿ ಬಿಳಿ ಕರಡಿ ಬೀಚ್ ಬೇರ್, ಡ್ರಮ್ಸ್‌ನಲ್ಲಿ ನಾಯಿ ಡೂಕ್, ಹಾಡೋಕೆ ಇಲಿ ಮಿಟ್ಜಿ ಮೊಜರೆಲ್ಲಾ. ಒಂದು ಬದಿಯ ವೇದಿಕೆಯಲ್ಲಿ ಕಂದು ಕರಡಿ ಬಿಲ್ಲಿ ಬಾಬ್, ಇನ್ನೊಂದು ಬದಿಯಲ್ಲಿ ಜೋಕ್ ಹೊಡೆಯೋ ತೋಳ ರೋಲ್ಫ್. ಬಿಲ್ಲಿ ಬಾಬ್‌ಗೆ ಫೆಕ್ಟರ್ ಅವರೇ ಧ್ವನಿ ಕೊಟ್ಟಿದ್ದಾರೆ.

ಒಳಗೆ ಮಾಂಸಖಂಡದ ಕೆಲಸ ಮಾಡ್ತಿದ್ದದ್ದು ಒತ್ತಿಟ್ಟ ಗಾಳಿ. ಪ್ರತಿ ಚಲನೆಗೂ ಒಂದು ಸಿಲಿಂಡರ್, ಒಂದು ವಾಲ್ವ್: ರೆಪ್ಪೆಗೆ ಒಂದು, ದವಡೆಗೆ ಒಂದು, ಹೀಗೆ. ಆಜ್ಞೆ ಬರ್ತಿದ್ದದ್ದು ನಾಲ್ಕು ಟ್ರ್ಯಾಕ್‌ನ ರೀಲ್ ಟೇಪ್‌ನಿಂದ. ಎರಡು ಟ್ರ್ಯಾಕ್ ನಮ್ಮ ಕಿವಿಗೆ ಹಾಡು, ಉಳಿದೆರಡು ರೋಬೋಟ್‌ಗಳಿಗೆ "ಈಗ ಕಣ್ಣು ಮಿಟುಕಿಸು, ಈಗ ಕೈ ಎತ್ತು" ಅನ್ನೋ ಸಂಕೇತ. ಹೋದ ಸಲದ ಕ್ಯಾಸೆಟ್ ಸರಣಿ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಹಾಡಿನ ಕೆಳಗೇ ವಾಲ್ವ್‌ಗಳ ಟಕ್ ಟಕ್ ಸದ್ದು ಕೇಳುತ್ತೆ. ಆದ್ರೂ ಮಿಟ್ಜಿ ತಲೆ ಓರೆ ಮಾಡಿ ಹಾಡೋವಾಗ ಅವಳು ಯಾರನ್ನೋ ನೋಡ್ತಿದಾಳೆ ಅನ್ಸುತ್ತೆ. ಸಿಂಪ್ಸನ್ಸ್ ಬರೆದವರು ಹೆಸರಿಲ್ಲದ ಹಾಡನ್ನ ಗೇಲಿ ಮಾಡಿದ್ದು ಸರಿಯೇ. ಆದ್ರೆ ಫೆಕ್ಟರ್ ಮಾಡಿದ ಕೆಲಸ ಆ ಜೋಕ್‌ಗಿಂತ ತುಂಬಾ ಮೇಲಿತ್ತು ಅನ್ನೋದು ನನ್ನ ಅಭಿಪ್ರಾಯ.

ಭಾಗ 4

1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸೀತು. ಗೇಮ್ ನಂಬಿದ್ದ ಪಿಜ್ಜಾ ಟೈಮ್ 1984ರಲ್ಲಿ ದಿವಾಳಿ ಅರ್ಜಿ ಹಾಕ್ತು. ಅದನ್ನ ಕೊಂಡವರು ಯಾರು ಹೇಳಿ? ಒಪ್ಪಂದ ಮುರಿದು ಹೋಗಿದ್ದ ಅದೇ ಬ್ರಾಕ್ ಕಡೆಯವರು! ಎರಡೂ ಸೇರಿ 'ಶೋಬಿಜ್ ಪಿಜ್ಜಾ ಟೈಮ್' ಆಯ್ತು. ನಮ್ಮ ಅಕೌಂಟ್ಸ್ ಪುಸ್ತಕದ ಅಮಾಲ್ಗಮೇಶನ್ ಲೆಕ್ಕದಲ್ಲಿ ಇಂಥ ಮಸಾಲೆ ಯಾಕೆ ಕೊಡಲ್ವೋ.

ಈಗ ಒಂದು ಕಂಪನಿ ಕೈಲಿ ಎರಡು ಬ್ಯಾಂಡ್. ಇಲಿ ಬ್ಯಾಂಡ್ ಪೂರ್ತಿ ತನ್ನದೇ. ರಾಕ್-ಅಫೈರ್ ವಿಷಯ ಬೇರೆ. ವೇದಿಕೆ ಮೇಲೆ ನಿಂತ ಕಬ್ಬಿಣ, ಗಾಳಿ ಪೈಪು, ತುಪ್ಪಳ ಕಂಪನಿಯದ್ದು. ಮಿಟ್ಜಿ ಅನ್ನೋ ಪಾತ್ರ, ಫ್ಯಾಟ್ಜ್ ಅನ್ನೋ ಪಾತ್ರ ಫೆಕ್ಟರ್ ಅವರದ್ದು. ಹಕ್ಕು ಬಿಟ್ಟುಕೊಡು ಅಂದ್ರು, ಅವರು ಒಪ್ಪಲಿಲ್ಲ. ಫಿಕ್ಸೆಡ್ ಅಸೆಟ್ ಒಬ್ಬರದ್ದು, ಇಂಟ್ಯಾಂಜಿಬಲ್ ಅಸೆಟ್ ಇನ್ನೊಬ್ಬರದ್ದು, ಎರಡೂ ಒಂದೇ ಗೊಂಬೆಯ ಚರ್ಮದ ಒಳಗೆ ಹೊರಗೆ.

ಕಂಪನಿ ಕಂಡುಕೊಂಡ ದಾರಿ ಕೇಳಿ. 1990ರ ಸುಮಾರಿಗೆ ಶುರುವಾದ ಇದಕ್ಕೆ 'ಕಾನ್ಸೆಪ್ಟ್ ಯೂನಿಫಿಕೇಶನ್' ಅಂತ ಹೆಸರು. ಒಳಗಿನ ಯಂತ್ರ ಇದ್ದ ಹಾಗೇ ಇರಲಿ, ಮುಖ ಮತ್ತು ಚರ್ಮ ಕಿತ್ತು ಬೇರೆ ಹಾಕಿ. ಗೊರಿಲ್ಲಾ ಫ್ಯಾಟ್ಜ್ ಮೇಲೆ ಮಂಚ್ ಅನ್ನೋ ನೇರಳೆ ಪ್ರಾಣಿ. ಬೀಚ್ ಬೇರ್ ಹೋಗಿ ಜ್ಯಾಸ್ಪರ್ ಅನ್ನೋ ನಾಯಿ. ಮಿಟ್ಜಿ ಹೆಲೆನ್ ಅನ್ನೋ ಕೋಳಿ ಆದಳು. ರೋಲ್ಫ್ ಅಂತೂ ಚಕ್ ಇ. ಚೀಸ್ ಆಗಿಬಿಟ್ಟ, ಅಂದ್ರೆ ಎದುರಾಳಿ ಇಲಿಯೇ! ಬಿಚ್ಚೋದು ಹೇಗೆ, ತೊಡಿಸೋದು ಹೇಗೆ ಅಂತ ಸಿಬ್ಬಂದಿಗೆ ಮಾಡಿದ ತರಬೇತಿ ವಿಡಿಯೋ ಇವತ್ತೂ ನೆಟ್‌ನಲ್ಲಿದೆ. ತಣ್ಣನೆ ದನಿಯಲ್ಲಿ ಸ್ಟೆಪ್ ಸ್ಟೆಪ್ ಆಗಿ ಹೇಳ್ತಾರೆ. ಟಿವಿ ಕಾಮಿಡಿಗಳ ಯಾವ ಹೆದರಿಸೋ ಸೀನ್‌ಗಿಂತಲೂ ನನಗೆ ಅದು ಜಾಸ್ತಿ ಕಾಡಿತು. ಬಾರ್ಟ್‌ನ ಹುಟ್ಟುಹಬ್ಬದ ಎಪಿಸೋಡ್ ಟಿವಿಯಲ್ಲಿ ಬಂದಿದ್ದು ಸರಿಯಾಗಿ ಇದೇ ವರ್ಷಗಳಲ್ಲಿ.

ಭಾಗ 5

ಇದು ನನಗೆ ಯಾಕೆ ಇಷ್ಟು ತಾಗಿತು ಅಂದ್ರೆ, ಫಸ್ಟ್ ಇಯರ್‌ನಲ್ಲಿ ನಮ್ಮೂರಿನ ಒಬ್ಬ ಅಂಗಡಿಯವರಿಗೆ ಒಂದು ಗಿಳಿ ಬರೆದುಕೊಟ್ಟಿದ್ದೆ. ಟೋಪಿ ಹಾಕ್ಕೊಂಡ ಗಿಳಿ, ಕೈಯಲ್ಲಿ ಜ್ಯೂಸ್ ಲೋಟ. ₹500 ಕೊಟ್ರು, ಒಂದು ಪ್ಲೇಟ್ ಗೋಬಿ ತಿನ್ನಿಸಿದ್ರು, ನನಗೆ ಸ್ವರ್ಗ. ಈಗ ಅವರ ಮೂರು ಅಂಗಡಿ ಫ್ಲೆಕ್ಸ್ ಮೇಲೆ ಆ ಗಿಳಿ ಇದೆ. ಟೋಪಿ ತೆಗೆದು ಕನ್ನಡಕ ಹಾಕಿಸಿದ್ದಾರೆ, ಬೇರೆ ಯಾರಿಂದಲೋ. ಕೇಳಿದ್ದಕ್ಕೆ "ದುಡ್ಡು ಕೊಟ್ಟಾಯ್ತಲ್ಲಮ್ಮ" ಅಂದ್ರು. ಬಿಸಿನೆಸ್ ಲಾ ಮೇಡಂ ಹತ್ರ ಹೋಗಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಏನಾದ್ರೂ ಬರೆಸ್ಕೊಂಡಿದ್ಯಾ?" ಇಲ್ಲ. ಫೆಕ್ಟರ್ ಬರೆಸಿಕೊಂಡಿದ್ರು, ಅಂಗಡಿಗಳಿಂದ ಬ್ಯಾಂಡ್ ಹೋಯ್ತು, ಆದ್ರೆ ಮಿಟ್ಜಿ ಅವರ ಹತ್ರವೇ ಉಳಿದಳು. ನನ್ನ ಗಿಳಿ ಇದೆ, ಅದು ನನ್ನದಲ್ಲ. ಯಾವುದು ಮೇಲು ಅಂತ ಇನ್ನೂ ಯೋಚಿಸ್ತಿದೀನಿ.

ಗೆದ್ದ ಇಲಿಯ ಗತಿಯೂ ಹೇಳ್ಬೇಕಲ್ಲ. 2017ರಲ್ಲಿ ಚಕ್ ಇ. ಚೀಸ್ ಕಂಪನಿ ರೋಬೋಟ್ ಬ್ಯಾಂಡ್‌ಗಳನ್ನ ತೆಗೀತೀವಿ ಅಂತ ಶುರು ಮಾಡ್ತು. ಪರದೆ ನೋಡಿ ಬೆಳೆದ ಮಕ್ಕಳಿಗೆ ಗೊಂಬೆ ಸಾಕಾಗಲ್ಲ ಅನ್ನೋ ಲೆಕ್ಕ. ಈಗ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಸೇರಿ ಬೆರಳೆಣಿಕೆಯ ಕಡೆ ಮಾತ್ರ ಉಳಿಸಿದ್ದಾರೆ.

ಕೊನೇ ಫೋಟೋಗೆ ಸ್ವೈಪ್ ಮಾಡಿ. ಸಣ್ಣವರಿದ್ದಾಗ ಶೋಬಿಜ್‌ಗೆ ಹೋಗ್ತಿದ್ದ ಮಕ್ಕಳು ದೊಡ್ಡವರಾಗಿ ಈ ರೋಬೋಟ್‌ಗಳನ್ನ ಕೊಂಡು ಮನೆ ಶೆಡ್‌ಗಳಲ್ಲಿ ರಿಪೇರಿ ಮಾಡಿದ್ರು, ಹೊಸ ಹಾಡುಗಳಿಗೆ ಕುಣಿಸಿ ಯೂಟ್ಯೂಬ್‌ಗೆ ಹಾಕಿದ್ರು. 2008ರಲ್ಲಿ ಇವರ ಬಗ್ಗೆ ಒಂದು ಡಾಕ್ಯುಮೆಂಟರಿಯೂ ಬಂತು. ಕೆಲವರು ಚಕ್ ಇ. ಚೀಸ್ ಅಂಗಡಿಯಿಂದ ಹೊರಬಿದ್ದ ಹಳೇ ಯಂತ್ರಗಳನ್ನೂ ಹುಡುಕಿ ತರ್ತಾರೆ. ಮೇಜಿನ ಮೇಲೆ ಮಲಗಿಸಿ ಕೋಳಿಯ ಮುಖ ನಿಧಾನಕ್ಕೆ ಬಿಚ್ಚಿ, ಗಾಳಿ ಪೈಪ್ ಸೋರುತ್ತಾ ನೋಡಿ, ಮತ್ತೆ ಇಲಿಯ ಮುಖ ಕೂರಿಸ್ತಾರೆ. ಆಮೇಲೆ ಕಂಪ್ರೆಸರ್ ಆನ್ ಮಾಡ್ತಾರೆ, ಮೊದಲು ಅಲುಗಾಡೋದು ರೆಪ್ಪೆ.