ಮನೋಭಾಷಾವಿಜ್ಞಾನ

ಮನೋಭಾಷಾವಿಜ್ಞಾನವು ಮನುಷ್ಯರು ಭಾಷೆಯನ್ನು ಹೇಗೆ ಕಲಿಯುತ್ತಾರೆ, ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಮತ್ತು ಹೇಗೆ ಬಳಸುತ್ತಾರೆ ಎಂಬುದನ್ನು ಅಧ್ಯಯನ ಮಾಡುವ ಶಾಸ್ತ್ರವಾಗಿದೆ. ಇದು ಮನೋವಿಜ್ಞಾನ ಮತ್ತು ಭಾಷಾವಿಜ್ಞಾನಗಳ ಸಂಗಮದಲ್ಲಿ ಬೆಳೆದಿದೆ. ಮಗುವಿನ ಮೊದಲ ಮಾತು, ಓದು-ಬರಹದ ಕಲಿಕೆ, ಬಹುಭಾಷಿಕತೆ ಮತ್ತು ಮಿದುಳಿನ ಹಾನಿಯಿಂದ ಉಂಟಾಗುವ ಮಾತಿನ ತೊಂದರೆಗಳು ಇದರ ಮುಖ್ಯ ವಿಷಯಗಳು.

ಇತಿಹಾಸ

1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, ಮಿದುಳಿನ ಎಡ ಮುಂಭಾಗಕ್ಕೆ ಹಾನಿಯಾದಾಗ ಮಾತನಾಡುವ ಶಕ್ತಿ ಕುಂದುವುದನ್ನು ತೋರಿಸಿದನು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಮಿದುಳಿನ ಇನ್ನೊಂದು ಭಾಗಕ್ಕೆ ಪೆಟ್ಟಾದರೆ ಮಾತನ್ನು ಗ್ರಹಿಸುವ ಶಕ್ತಿ ಕೆಡುತ್ತದೆ ಎಂದು ವಿವರಿಸಿದನು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇದು ಪ್ರತ್ಯೇಕ ಶಾಸ್ತ್ರವಾಗಿ ರೂಪುಗೊಂಡಿತು. ಅನುಕರಣೆ ಮತ್ತು ಪ್ರೋತ್ಸಾಹಗಳಿಂದ ಭಾಷೆ ಬರುತ್ತದೆ ಎಂಬ ವಾದವನ್ನು ಬಿ. ಎಫ್. ಸ್ಕಿನ್ನರ್ 1957ರಲ್ಲಿ ಮಂಡಿಸಿದರು. ತಾನು ಎಂದೂ ಕೇಳದ ವಾಕ್ಯಗಳನ್ನೂ ಮಗು ಆಡಬಲ್ಲದು, ಆದುದರಿಂದ ಭಾಷಾಸಾಮರ್ಥ್ಯವು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು ಎಂದು ನೋಮ್ ಚೋಮ್‌ಸ್ಕಿ 1959ರಲ್ಲಿ ಅದನ್ನು ವಿರೋಧಿಸಿದರು. ಈ ಚರ್ಚೆ ಇಂದಿಗೂ ಮುಗಿದಿಲ್ಲ.

ಮಗುವಿನ ಭಾಷಾ ಕಲಿಕೆ

ಸಾಮಾನ್ಯವಾಗಿ ಮಗುವು ಆರು ತಿಂಗಳ ಆಸುಪಾಸಿನಲ್ಲಿ ತೊದಲಲು ತೊಡಗುತ್ತದೆ; ಒಂದು ವರ್ಷದ ಹೊತ್ತಿಗೆ ಮೊದಲ ಪದವನ್ನು ಆಡುತ್ತದೆ; ಎರಡು ವರ್ಷದೊಳಗೆ ಎರಡು ಪದಗಳನ್ನು ಜೋಡಿಸುತ್ತದೆ. ಮಾತು ಬರುವ ಮೊದಲೇ ಕಿವಿ ಪಳಗಿರುತ್ತದೆ. ಇಂಗ್ಲಿಷ್ ಪರಿಸರದ ಶಿಶುಗಳು ಹಿಂದಿಯ ತ ಮತ್ತು ಟ ಧ್ವನಿಗಳ ವ್ಯತ್ಯಾಸವನ್ನು ಆರೆಂಟು ತಿಂಗಳಿನಲ್ಲಿ ಗುರುತಿಸುತ್ತವೆ, ಒಂದು ವರ್ಷ ತುಂಬುವ ವೇಳೆಗೆ ಆ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತವೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ಸುತ್ತಲಿನ ಭಾಷೆಗೆ ಬೇಕಾದ ವ್ಯತ್ಯಾಸಗಳು ಉಳಿದು, ಬೇಡವಾದವು ಮಸುಕಾಗುತ್ತವೆ.

ಮಕ್ಕಳ ತಪ್ಪುಗಳು ಅವರ ಮನಸ್ಸಿನಲ್ಲಿರುವ ನಿಯಮಗಳನ್ನು ಹೊರಗೆಡಹುತ್ತವೆ. ‘ಮಾಡು–ಮಾಡಿದ’, ‘ಓಡು–ಓಡಿದ’ ಎಂಬ ಮಾದರಿಯಲ್ಲಿ ಮಗುವು ‘ಕೊಟ್ಟ’ ಎನ್ನುವ ಬದಲು ‘ಕೊಡಿದ’ ಎಂದರೆ, ಅದು ದೊಡ್ಡವರಿಂದ ಕೇಳಿದ ರೂಪವಲ್ಲ. ಮಗು ತಾನೇ ಕಂಡುಕೊಂಡ ನಿಯಮದ ಫಲ.

ಕನ್ನಡವನ್ನು ಕುರಿತ ಸಂಶೋಧನೆ

ಕನ್ನಡದ ಪ್ರೇರಣಾರ್ಥಕ ಪ್ರತ್ಯಯವಾದ ‘ಇಸು’ ಅಂತರರಾಷ್ಟ್ರೀಯ ಚರ್ಚೆಗೆ ವಸ್ತುವಾಗಿದೆ. ‘ಕುದುರೆ ಓಡುತ್ತದೆ’ ಎಂಬಲ್ಲಿ ಒಂದು ನಾಮಪದವಿದೆ. ‘ಹುಡುಗನು ಕುದುರೆಯನ್ನು ಓಡಿಸುತ್ತಾನೆ’ ಎಂಬಲ್ಲಿ ಎರಡು ನಾಮಪದಗಳ ಜೊತೆಗೆ ‘ಇಸು’ ಕೂಡ ಇದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯಗಳನ್ನು ಹೇಳಿ, ಆಟಿಕೆಗಳಿಂದ ಅವನ್ನು ಅಭಿನಯಿಸಲು ತಿಳಿಸಲಾಯಿತು. ಮಾಡಿಸುವ ಅರ್ಥವನ್ನು ಸೂಚಿಸಲು ಕನ್ನಡದಲ್ಲಿ ‘ಇಸು’ ಹೆಚ್ಚು ನಂಬಲರ್ಹ ಗುರುತು. ಆದರೂ ಮಕ್ಕಳು ಪ್ರತ್ಯಯಕ್ಕಿಂತ ನಾಮಪದಗಳ ಸಂಖ್ಯೆಯನ್ನೇ ಹೆಚ್ಚಾಗಿ ಆಧರಿಸಿದರು. ಕಿವಿಗೆ ಬಿದ್ದುದನ್ನೆಲ್ಲ ಮಗು ಸಮನಾಗಿ ತೂಗುವುದಿಲ್ಲ ಎಂಬುದಕ್ಕೆ ಇದನ್ನು ಸಾಕ್ಷ್ಯವಾಗಿ ನೀಡಲಾಗುತ್ತದೆ.

ಓದು ಮತ್ತು ಬರಹ

ಕನ್ನಡ ಲಿಪಿಯ ಘಟಕ ಅಕ್ಷರ. ‘ಕೆರೆ’ ಎಂಬಲ್ಲಿ ಎರಡು ಅಕ್ಷರಗಳಿದ್ದರೂ ಕ್, ಎ, ರ್, ಎ ಎಂಬ ನಾಲ್ಕು ಧ್ವನಿಗಳಿವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿಯೂ ನಾಲ್ಕು ಧ್ವನಿಗಳಿವೆ. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮಾತ್ರಕ್ಕೆ ಓದು ಬರುವುದಿಲ್ಲ. ಕಾಗುಣಿತಗಳೇ ನಾನೂರಕ್ಕೂ ಹೆಚ್ಚು, ಮೇಲೆ ಒತ್ತಕ್ಷರಗಳು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡ ಮಕ್ಕಳ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ, ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆ. ಆದುದರಿಂದ ಎರಡನೆಯ ತರಗತಿಯ ಮಗುವು ಒತ್ತಕ್ಷರದಲ್ಲಿ ಎಡವಿದೊಡನೆ ಅದನ್ನು ದಡ್ಡ ಎಂದು ತೀರ್ಮಾನಿಸುವುದು ಸರಿಯಲ್ಲ.

ಬಹುಭಾಷಿಕತೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಭಾಷೆಗಳು ಶತಮಾನಗಳಿಂದ ಒಟ್ಟಿಗೆ ಬಾಳಿವೆ. ಪದಗಳು ಬೇರೆಯಾಗಿಯೇ ಉಳಿದರೂ ಅವುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಅಚ್ಚಿಗೆ ಇಳಿದಿದೆ ಎಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ವಿವರಿಸಿದರು.

ದಾವಣಗೆರೆ ಮತ್ತು ಹರಿಹರ ಕೂಡ ಬಹುಭಾಷಿಕ ನಗರಗಳು. ಹತ್ತಿಗಿರಣಿಗಳು, ಯಂತ್ರೋಪಕರಣಗಳ ಕಾರ್ಖಾನೆ ಮತ್ತು ವ್ಯಾಪಾರವು ಹಲವು ಕಡೆಯ ಜನರನ್ನು ಇಲ್ಲಿಗೆ ಕರೆತಂದವು. ಕನ್ನಡದೊಂದಿಗೆ ಉರ್ದು, ತೆಲುಗು, ಮರಾಠಿ, ತಮಿಳು ಮತ್ತು ಲಂಬಾಣಿ ಮನೆಮಾತುಗಳು ಕೇಳಿಬರುತ್ತವೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬಂತೆ ಭಾಷೆ ಬದಲಾಯಿಸುವುದು ಇಲ್ಲಿನವರಿಗೆ ಸಹಜ. ಇದು ಗೊಂದಲದ ಲಕ್ಷಣವಲ್ಲ. ಕೇಳುಗನನ್ನೂ ಸಂದರ್ಭವನ್ನೂ ಅರಿತು ಮಾಡುವ ಆಯ್ಕೆ. ಕನ್ನಡದ ಒಳಗೂ ಭೇದಗಳಿವೆ: ಬರಹದ ‘ಹೋಗುತ್ತೇನೆ’ ಆಡುಮಾತಿನಲ್ಲಿ ‘ಹೋಗ್ತೀನಿ’ ಆಗುತ್ತದೆ, ತುಂಗಭದ್ರೆಯ ಆಚೆ ರಾಣೆಬೆನ್ನೂರಿನ ಕಡೆ ‘ಮನೆ’ಯು ‘ಮನಿ’ಯಾಗುತ್ತದೆ.

ಮನೆಮಾತು ಮತ್ತು ಶಾಲೆಯ ಭಾಷೆ

ಲಂಬಾಣಿಯು ಇಂಡೋ-ಆರ್ಯನ್ ವರ್ಗದ ಭಾಷೆ. ಅದಕ್ಕೆ ಪರಂಪರೆಯಿಂದ ಬಂದ ಸ್ವಂತ ಲಿಪಿಯಿಲ್ಲ. ಬಂಜಾರರ ಪುಣ್ಯಕ್ಷೇತ್ರವಾದ ಸೂರಗೊಂಡನಕೊಪ್ಪವು ದಾವಣಗೆರೆ ಜಿಲ್ಲೆಯಲ್ಲಿಯೇ ಇದೆ. ತಾಂಡಾದಲ್ಲಿ ಲಂಬಾಣಿಯನ್ನಷ್ಟೇ ಕೇಳಿ ಬೆಳೆದ ಮಗುವು ಒಂದನೆಯ ತರಗತಿಯಲ್ಲಿ ಹೊಸ ಭಾಷೆ ಮತ್ತು ಹೊಸ ಲಿಪಿ ಎರಡನ್ನೂ ಏಕಕಾಲಕ್ಕೆ ಕಲಿಯಬೇಕಾಗುತ್ತದೆ. ಅರ್ಥ ತಿಳಿಯದ ಪದವನ್ನು ಅಕ್ಷರ ಕೂಡಿಸಿ ಉಚ್ಚರಿಸಬಹುದು, ಆದರೆ ಅದು ಓದಿದಂತಾಗದು. ಕನ್ನಡ ಮನೆಮಾತಿನ ಮಗು ನೇರವಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದಾಗಲೂ ಇದೇ ತೊಡಕು ಎದುರಾಗುತ್ತದೆ.

ಕರ್ನಾಟಕ ಸರ್ಕಾರವು 1994ರ ಆದೇಶದಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ವಿಧಿಸಿತ್ತು. ಸರ್ಕಾರವು ಮಾತೃಭಾಷಾ ಮಾಧ್ಯಮವನ್ನು ಬಲವಂತವಾಗಿ ಹೇರುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪು ನೀಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿರುವೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧನೆಯನ್ನು ಸೂಚಿಸುತ್ತದೆ.

ಸಂಸ್ಥೆಗಳು

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 1969ರಲ್ಲಿ ಸ್ಥಾಪನೆಯಾಯಿತು, ಡಿ. ಪಿ. ಪಟ್ಟನಾಯಕ್ ಅದರ ಸ್ಥಾಪಕ ನಿರ್ದೇಶಕರು. ಅದೇ ನಗರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾತು ಮತ್ತು ಶ್ರವಣದ ತೊಂದರೆಗಳಿಗೆ ಪರೀಕ್ಷೆ, ಚಿಕಿತ್ಸೆ ಹಾಗೂ ತರಬೇತಿಯನ್ನು ನೀಡುತ್ತದೆ. ಅಫೇಸಿಯಾ ಮೊದಲಾದ ಭಾಷಾ ತೊಂದರೆಗಳನ್ನು ಅಳೆಯಲು ಪ್ರತಿಭಾ ಕಾರಂತ ಅವರು ಕನ್ನಡದಲ್ಲಿಯೇ ಪರೀಕ್ಷೆಯನ್ನು ರೂಪಿಸಿದ್ದಾರೆ. ಇಂಗ್ಲಿಷ್ ಪರೀಕ್ಷೆಗಳ ಅನುವಾದದಿಂದ ವಿಭಕ್ತಿ ಪ್ರತ್ಯಯ, ಲಿಂಗ-ವಚನಗಳ ಹೊಂದಾಣಿಕೆ ಮುಂತಾದ ಕನ್ನಡದ ಲಕ್ಷಣಗಳನ್ನು ಪರಿಶೀಲಿಸಲಾಗದ ಕಾರಣ ಇಂತಹ ಸಾಧನಗಳು ಅಗತ್ಯವಾಗಿವೆ.

ಇವನ್ನೂ ನೋಡಿ

ಭಾಷಾವಿಜ್ಞಾನ
ದ್ವಿಭಾಷಿಕತೆ
ಕನ್ನಡ ಲಿಪಿ
ಲಂಬಾಣಿ ಭಾಷೆ